ಸೌಟಿನ ಮೂರು ಪೆಟ್ಟು

ಕುವೈತಿನಲ್ಲಿ ಮಳೆ ಬರುವುದು ಅಪರೂಪ. ನಮ್ಮ ಸಂಘದ ನಾಟಕ ಬರೆದ ಹಾಗೆಯೇ ನಡೆಯುವುದು ಅದಕ್ಕಿಂತ ಅಪರೂಪ. ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ, ಆದದ್ದು ಪರದೆಯ ಆಚೆಗೋ ಈಚೆಗೋ ಎಂದು ಹೇಳುವುದು ಕಷ್ಟವಾಗುತ್ತದೆ. ನಾಟಕದ ಬಗ್ಗೆ ದೊಡ್ಡ ಮಾತು ನನಗೆ ಬರುವುದಿಲ್ಲ, ಹತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟು ಬಂದವಳು. ಆದರೆ ನಾಲ್ಕು ವರ್ಷ ರಂಗದ ಮೇಲೆ ಸೊಸೆಯನ್ನು ಗೋಳು ಹೊಯ್ದುಕೊಂಡವಳಿಗೆ ಒಂದೆರಡು ವಿಷಯ ತಿಳಿಯದೇ ಇರುತ್ತದೆಯೇ?

೧. ನೀಲಿ ಸೂಟ್‌ಕೇಸಿನೊಳಗಿನ ಐವರು

ನಾಟಕ ಬರೆದು ಆಡಿಸುವವರು ನಮ್ಮ ಮಾಸ್ಟ್ರು. ವಾರವಿಡೀ ಕುವೈತ್ ಪೇಟೆಯ ಶರ್ಕಿನ ಎತ್ತರದ ಆಫೀಸಿನಲ್ಲಿ ಕೂತು ಬೇರೆಯವರ ಕಟ್ಟಡಗಳ ನಕ್ಷೆ ಬರೆಯುತ್ತಾರೆ. ಶುಕ್ರವಾರ ಬೆಳಿಗ್ಗೆ ಮಂಗಫಿನ ನಮ್ಮ ಮನೆಗೆ ಬಂದು ನಮ್ಮ ಹಣೆಬರಹ ಬರೆಯುತ್ತಾರೆ.

ಅವರ ಜೊತೆ ಒಂದು ನೀಲಿ ಸೂಟ್‌ಕೇಸು ಬರುತ್ತದೆ. ಒಂದು ಚಕ್ರ ಹೋಗಿದೆ, ಎಳೆದರೆ ಕುಂಟುತ್ತದೆ. ಅದರೊಳಗೆ ಖಳನಾಯಕನ ಕಪ್ಪು ಶಾಲು, ಕುಡುಕನ ಹರಿದ ಲುಂಗಿ, ಕೆಲಸದಾಳು ಹೆಗಲಿಗೆ ಹಾಕುವ ಕೆಂಪು ಬೈರಾಸು, ಸೊಸೆಯ ಪ್ಲಾಸ್ಟಿಕ್ ಮಲ್ಲಿಗೆ ಮತ್ತು ಅತ್ತೆಯ ಬೀಗದ ಕೈ ಗೊಂಚಲು. ನಾಯಕನಿಗೆ ಅದರಲ್ಲಿ ಏನೂ ಇಲ್ಲ, ಅವನು ನೋಡಲು ಚೆಂದ ಇದ್ದರೆ ಸಾಕು.

"ಕಥೆ ಆಮೇಲೆ ಬರ್ತದೆ, ಮೊದಲು ಈ ಐದು ಜನ ಬರ್ಬೇಕು," ಎನ್ನುತ್ತಾರೆ ಮಾಸ್ಟ್ರು. "ಬಸ್ಸು ಬರುವ ಮೊದಲೇ ಸ್ಟಾಪಿನಲ್ಲಿ ಜನ ನಿಂತಿರುವುದಿಲ್ವಾ, ಹಾಗೆ."

ಮೊದಲನೇ ವರ್ಷ ಅಭ್ಯಾಸ ಬೇರೆಯವರ ಮನೆಯಲ್ಲಿತ್ತು, ನಾನು ಸುಮ್ಮನೆ ನೋಡಲು ಹೋಗಿದ್ದೆ. ನನ್ನ ಚಹಾದಲ್ಲಿ ಯಾರೋ ಬಿಸ್ಕತ್ತು ಅದ್ದಿದ್ದರು. ಅದಕ್ಕೆ ನಾನು ಬೈದ ಎರಡು ಮಾತು ಕೇಳಿದ ಮಾಸ್ಟ್ರು ಸೂಟ್‌ಕೇಸು ತೆರೆದು ಬೀಗದ ಕೈಗಳನ್ನು ನನ್ನ ಕೈಗಿಟ್ಟರು. ಆಗ ನನಗೆ ಇಪ್ಪತ್ತಾರು. ಅಂದಿನಿಂದ ರಂಗದ ಮೇಲೆ ಅರುವತ್ತು.

ನಿಜ ಹೇಳಬೇಕೆಂದರೆ ನನಗೆ ಆಸೆ ಇದ್ದದ್ದು ಆ ಪ್ಲಾಸ್ಟಿಕ್ ಮಲ್ಲಿಗೆಯ ಮೇಲೆ. ಮಧ್ಯಾಹ್ನ ಮಗಳು ಶಾಲೆಯಿಂದ ಬರುವ ಮೊದಲು, ಕಿಟಕಿಯ ಹೊರಗೆ ಬಿಸಿಲು ಬೆಳ್ಳಗೆ ನಿಂತಿರುವಾಗ, ಅರೆನಿದ್ದೆಯಲ್ಲಿ ನಾನು ಎಷ್ಟು ಸಲ ಸೊಸೆಯಾಗಿದ್ದೇನೋ! ನೀಲಿ ಬೆಳಕು, ದೂರದಲ್ಲಿ ಕೊಳಲು, ಬಿಂದಿಗೆ ಹಿಡಿದು ನಿಧಾನಕ್ಕೆ ನಡೆಯುವ ನಾನು. ನನ್ನ ಬಾಯಿಂದ ಒಂದು ಮಾತೂ ಇಲ್ಲ, ಕಣ್ಣಲ್ಲಿ ನೀರು ಮಾತ್ರ. ಇಡೀ ಹಾಲ್ ನನಗಾಗಿ ಉಸಿರು ಬಿಗಿಹಿಡಿದಿದೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ನಾನು ಎದ್ದು ಅದನ್ನೂ ಬೈಯುತ್ತೇನೆ.

ಇರಲಿ. ಅತ್ತೆಯ ಪಾತ್ರ ಕೈಗೆ ಬಂದಾಗ ನನಗೆ ಅಭಿನಯ ಗೊತ್ತಿರಲಿಲ್ಲ. ಹಾಗಾಗಿ ಕಣ್ಣು ಮುಚ್ಚಿ ನನ್ನ ಸ್ವಂತ ಅತ್ತೆಯನ್ನು ನೆನೆದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳ ತೆಗೆಯದೆಯೇ ಪಾತ್ರೆಯನ್ನು ಮೂಸಿ, ಸೌಟನ್ನು ಅಂಚಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದು, ಆಮೇಲೆ ಒಂದು ದೀರ್ಘ ಉಸಿರು: "ನನಗೆಂತ! ನಾನು ಇವತ್ತು ಉಂಟು, ನಾಳೆ ಇಲ್ಲ." ಮೊದಲ ಪ್ರದರ್ಶನದಲ್ಲೇ ಹಾಲ್ ಎದ್ದುಬಿತ್ತು. ಎರಡನೇ ವರ್ಷ ಮೂರು ಪೆಟ್ಟು ಬಿದ್ದ ಕೂಡಲೇ ಜನರೇ ಆ ಮಾತನ್ನು ಮುಗಿಸಿದರು. ಅತ್ತೆ ಊರಿನಲ್ಲಿ, ನಾನು ಇಲ್ಲಿ. ನಡುವೆ ಸಮುದ್ರವೇ ಇದೆ ಎಂಬ ಧೈರ್ಯ ನನ್ನದು.

ಈ ವರ್ಷ ಅಭ್ಯಾಸ ಶುರುವಾದ ವಾರ ನನ್ನ ಗಂಡ ನಗುತ್ತಾ ಮನೆಗೆ ಬಂದರು. "ಅಮ್ಮನಿಗೆ ವಿಸಿಟ್ ವೀಸಾ ಆಯ್ತು. ಮೂರು ತಿಂಗಳು!"

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ನನಗೆ ತಾಯಿ ಇಲ್ಲ. ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದ್ದು ಇದೇ ಅತ್ತೆ. ನಲುವತ್ತು ದಿನ ನನ್ನ ಕಾಲಿಗೆ ಎಣ್ಣೆ ತಿಕ್ಕಿ, ಬಿಸಿ ನೀರು ಹೊಯ್ದು, ಬೈದು ಬೈದು ಗಂಜಿ ಕುಡಿಸಿದ ಹೆಂಗಸು. ಆ ಸೌಟಿನ ಸದ್ದು ನಾನು ಕೇಳಿಸಿಕೊಂಡದ್ದೇ ಆಗ. ಅದನ್ನೇ ಕದ್ದು ತಂದು ಇಲ್ಲಿ ಜನರನ್ನು ನಗಿಸಿದ್ದೇನೆ ಎಂದು ಅವರಿಗೆ ತಿಳಿದರೆ? ಬೈದರೆ ಬೈಯಲಿ, ಅದಕ್ಕೆ ನನ್ನಲ್ಲಿ ಉತ್ತರ ಇದೆ. ಏನೂ ಹೇಳದೆ ಮುಖ ಸಣ್ಣದು ಮಾಡಿಕೊಂಡು ಕೂತರೆ?

ಮಾಸ್ಟ್ರಿಗೆ ಕೈಮುಗಿದೆ. "ಈ ವರ್ಷ ಒಂದು ಸಲ ನನ್ನನ್ನು ಸೊಸೆ ಮಾಡಿ ಮಾಸ್ಟ್ರೇ. ಸುಮ್ಮನೆ ಅಳುತ್ತಾ ನಿಲ್ತೇನೆ."

ಮಾಸ್ಟ್ರು ಕನ್ನಡಕ ಒರೆಸಿಕೊಂಡರು. "ನೀನು ಅಳುವ ಸೊಸೆ ಆದ್ರೆ ಜನ ಅತ್ತೆಯನ್ನು ನೋಡಿ ಅಯ್ಯೋ ಪಾಪ ಅಂತಾರೆ ಮಾರಾಯ್ತಿ."

೨. ಖಳನಾಯಕ ಬಿಟ್ಟುಹೋದ ನಾಟಕ

ಮಾಸ್ಟ್ರು ಒಪ್ಪದೇ ಇದ್ದದ್ದಕ್ಕೆ ಕಾರಣ ಇತ್ತು. ಕಳೆದ ವರ್ಷ ಅವರು ಕೈ ಸುಟ್ಟುಕೊಂಡಿದ್ದರು.

ನಮ್ಮ ಖಳನಾಯಕನಾಗುವವರು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಊರಿನ ಕೊಂಕಣಿ ಮನೆಯವರು. ಎಲ್ಲರೂ ಅವರನ್ನು ಬ್ರದರ್ ಎಂದೇ ಕರೆಯುವುದು. ಮಗುವಿಗೆ ಸೂಜಿ ಚುಚ್ಚುವಾಗ ಮಗುವಿಗಿಂತ ಮೊದಲು ಇವರ ಕಣ್ಣು ತುಂಬುತ್ತದೆಯಂತೆ. ಆದರೆ ದಪ್ಪ ಹುಬ್ಬು, ಗುಡುಗಿನಂಥ ಧ್ವನಿ. ಕಪ್ಪು ಶಾಲು ಹೊದ್ದು ನಿಂತರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಓಡುತ್ತಾರೆ.

ಕಳೆದ ವರ್ಷ ಮಾಸ್ಟ್ರಿಗೆ ಹೊಸತನ ಹಿಡಿಯಿತು. "ಕೆಟ್ಟವನೇ ಇಲ್ಲದ ನಾಟಕ ಮಾಡುವ. ಬದುಕಿನಲ್ಲಿ ಹಾಗೆ ಶಾಲು ಹೊದ್ದ ಕೆಟ್ಟವರು ಇರ್ತಾರಾ?" ಎಂದರು. ಬ್ರದರ್ ಬೇಸರ ಮಾಡಿಕೊಳ್ಳಲಿಲ್ಲ. "ನಾನೂ ಒಂದು ವರ್ಷ ಎದುರಿನಿಂದ ನೋಡ್ತೇನೆ," ಎಂದು ಹೆಂಡತಿ ಮಕ್ಕಳ ಜೊತೆ ಏಳನೇ ಸಾಲಿನಲ್ಲಿ ಕೂತರು.

ನಾಟಕ ಶುರುವಾಯಿತು. ನಾಯಕ ಒಳ್ಳೆಯವನು, ಸೊಸೆ ಒಳ್ಳೆಯವಳು, ನನ್ನ ಬಾಯಿಯೊಂದು ಬಿಟ್ಟರೆ ಊರೆಲ್ಲ ಒಳ್ಳೆಯದು. ಜನ ನಮ್ಮನ್ನು ನೋಡಲೇ ಇಲ್ಲ, ಏಳನೇ ಸಾಲನ್ನು ನೋಡತೊಡಗಿದರು. "ನೋಡು, ಅಲ್ಲಿ ಅಡಗಿ ಕೂತಿದ್ದಾರೆ," "ಈ ಸಲ ಜನರ ನಡುವಿನಿಂದಲೇ ಏಳ್ತಾರೆ ಅಂತ ಕಾಣ್ತದೆ," "ಪಕ್ಕದಲ್ಲಿ ಕೂತ ಹೆಂಗಸೂ ಪಾರ್ಟಿನವಳಾ?" ರಂಗದ ಮೇಲೆ ಸೊಸೆ ದೀಪ ಹಚ್ಚುವಾಗ ಹಾಲಿನ ಅರ್ಧ ಜನ ಕುತ್ತಿಗೆ ತಿರುಗಿಸಿ ಕೂತಿದ್ದರು. ಏನೋ ಆಗಲಿದೆ, ಏನೋ ಆಗಲಿದೆ ಎಂದು ಒಂದೂವರೆ ಗಂಟೆ ಉಸಿರು ಹಿಡಿದರು.

ಕೊನೆಯ ದೃಶ್ಯದಲ್ಲಿ ಬ್ರದರಿನ ಸಣ್ಣ ಮಗನಿಗೆ ಬಾಯಾರಿಕೆಯಾಯಿತು. ಬ್ರದರ್ ಎದ್ದು ನಿಂತರು, ಅಷ್ಟೆ.

ಇಡೀ ಹಾಲ್ ಕೂಗಿತು. ಸೀಟಿ, ಚಪ್ಪಾಳೆ. ಯಾರೋ ಹೆಂಗಸು, "ಸೊಸೇ, ಓಡು!" ಎಂದು ಕಿರುಚಿದರು. ನೀರಿನ ಬಾಟಲಿ ಹಿಡಿದ ಬ್ರದರ್ ಕೈಮುಗಿದು, "ಇಲ್ಲ, ಇಲ್ಲ, ನಾನು ಸುಮ್ಮನೆ!" ಎನ್ನುತ್ತಾ ಹೊರಗೆ ಹೋದರು. ನಾಟಕ ಮುಗಿದ ಮೇಲೆ ಹತ್ತು ಜನ ಬಂದು ಮಾಸ್ಟ್ರ ಕೈ ಕುಲುಕಿದರು.

"ಎಲ್ಲ ಬೋರ್ ಇತ್ತು ಮಾಸ್ಟ್ರೇ, ಆದ್ರೆ ಆ ಬಾಟಲಿ ಹಿಡಿದು ಬಂದ ಸೀನು ಉಂಟಲ್ಲ, ಸೂಪರ್!"

೩. ಮೇಲಿನ ಮನೆಯ ನ್ಯಾಯ

ಹಾಗಾಗಿ ಈ ವರ್ಷ ಐವರೂ ತಮ್ಮ ತಮ್ಮ ಜಾಗಕ್ಕೆ ಮರಳಿದರು, ನಾನೂ. ಕಥೆ ಇಷ್ಟೆ: ಖಳನಾಯಕ ಬಂದು ಅತ್ತೆಯ ಕಿವಿ ಊದುತ್ತಾನೆ, ಅತ್ತೆ ಸೊಸೆಯನ್ನು ಹೊರಗೆ ಹಾಕುತ್ತಾಳೆ, ನಾಯಕ ಬಂದು ಕಾಪಾಡುತ್ತಾನೆ. ಕುಡುಕ ನಡುನಡುವೆ ಸತ್ಯ ಹೇಳುತ್ತಾನೆ, ಯಾರೂ ನಂಬುವುದಿಲ್ಲ. ಕೆಲಸದಾಳು ಒಳಗಿನ ಸುದ್ದಿಯನ್ನು ಹೊರಗೂ ಹೊರಗಿನ ಸುದ್ದಿಯನ್ನು ಒಳಗೂ ಸಾಗಿಸುತ್ತಾನೆ.

ಅತ್ತೆ ಬರುವ ಮೊದಲಿನ ಶುಕ್ರವಾರ. ನಾನು ಸೌಟು ಬಡಿದು, ಬೀಗದ ಕೈ ಕುಲುಕಿ, ಸೊಸೆಯನ್ನು ಜುಟ್ಟು ಹಿಡಿದು ಬಾಗಿಲ ತನಕ ಎಳೆದಿದ್ದೆ. ಸೊಸೆಯಾದ ಹುಡುಗಿ ಫಹಾಹೀಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಯಾರಾದರೂ ಬೈದರೆ ಮಾತ್ರ ಅವಳಿಗೆ ಅಳು ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ಅವಳ ಗೋಳು ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋಗಿದೆ.

ಯಾರೋ ಬಾಗಿಲನ್ನು ಧಡಧಡ ಬಡಿದರು. ತೆಗೆದರೆ ಮೇಲಿನ ಮನೆಯ ಈಜಿಪ್ಟಿನ ಹೆಂಗಸು, ಕೈಗೆಲ್ಲ ಹಿಟ್ಟು. ನನ್ನನ್ನು ಒಂದು ಬದಿಗೆ ನೂಕಿ ಸೊಸೆಯನ್ನು ಎದೆಗೆ ಅವುಚಿಕೊಂಡು, ನನಗೆ ಬೆರಳು ತೋರಿಸಿ, "ಹರಾಮ್! ಹರಾಮ್!" ಎಂದು ಶುರು ಮಾಡಿದಳು. ಅದೆಷ್ಟು ಬೈಗುಳವೋ! ಒಂದೂ ಅರ್ಥವಾಗಲಿಲ್ಲ, ಆದರೂ ಕಲಿಯಬೇಕಾದದ್ದು ಬಹಳ ಇತ್ತು.

ಕೆಲಸದಾಳಿನ ಪಾತ್ರದ ಬ್ಯಾರಿ ಅಣ್ಣನಿಗೆ ಫಹಾಹೀಲಿನಲ್ಲಿ ಮೊಬೈಲ್ ಅಂಗಡಿ ಇದೆ, ಅರಬ್ಬಿ ಚೆನ್ನಾಗಿ ಬರುತ್ತದೆ. ಅವರು ನಡುವೆ ನಿಂತು ಇದು ನಾಟಕ, ಜಗಳ ಅಲ್ಲ ಎಂದು ತಿಳಿಸಿ ಹೇಳಿದರು. ಅವಳು ಸೊಸೆಯನ್ನು ನೋಡಿದಳು, ನನ್ನ ಸೌಟನ್ನು ನೋಡಿದಳು, ನಿಧಾನಕ್ಕೆ ಸೋಫಾದಲ್ಲಿ ಕೂತಳು. ಇನ್ನೊಮ್ಮೆ ಮಾಡಿ ಎಂದು ಕೈಸನ್ನೆ ಮಾಡಿದಳು.

ಮಾಡಿದೆವು. ಒಂದು ಅಕ್ಷರ ಕನ್ನಡ ಬಾರದ ಹೆಂಗಸು ನಗಬೇಕಾದಲ್ಲಿ ನಕ್ಕಳು, ಅಳಬೇಕಾದಲ್ಲಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೊನೆಗೆ ನನ್ನ ಬಳಿ ಬಂದು ಕೆನ್ನೆ ಹಿಂಡಿ, "ಹಮಾತಿ!" ಎಂದು ಹಣೆ ಬಡಿದುಕೊಂಡು ಇನ್ನೂ ಏನೋ ಕೇಳಿದಳು.

"ಹಮಾತಿ ಅಂದ್ರೆ 'ನನ್ನ ಅತ್ತೆ' ಅಂತ," ಎಂದರು ಬ್ಯಾರಿ ಅಣ್ಣ. "ನೀವು ಅವರ ಅತ್ತೆಯನ್ನು ಎಲ್ಲಿ ನೋಡಿದ್ದು ಅಂತ ಕೇಳ್ತಿದ್ದಾರೆ ಅಕ್ಕ. ಆ ಮುದುಕಿ ಈಜಿಪ್ಟ್ ಬಿಟ್ಟು ಹೊರಗೆ ಬಂದದ್ದೇ ಇಲ್ವಂತೆ."

ಎಲ್ಲರೂ ನಕ್ಕರು. ನಾನು ಮಾತ್ರ ಸೌಟನ್ನು ಒಯ್ದು ಕಪಾಟಿನಲ್ಲಿ ಇಟ್ಟೆ. ಸಂಬಂಧವೇ ಇಲ್ಲದವಳಿಗೆ ತನ್ನ ಅತ್ತೆ ಕಂಡರೆ, ಆ ಸೌಟಿನ ಒಡತಿಗೆ ತನ್ನದೇ ರೂಪ ಕಾಣದೇ ಇರುತ್ತದಾ?

೪. ಲಿಂಬೆಹುಳಿ ಚಿಕಿತ್ಸೆ

ಅತ್ತೆ ಬಂದರು. ಹಲಸಿನ ಹಪ್ಪಳ, ಉಪ್ಪಿನಕಾಯಿ, ಮೊಮ್ಮಗಳಿಗೆ ಬಳೆ. ಮೊದಲ ದಿನವೇ ಮಗಳು ಅಜ್ಜಿಯ ತೊಡೆ ಏರಿ ಕೂತು ಹೇಳಿದಳು, "ಅಜ್ಜಿ, ಅಮ್ಮ ಡಸ್ ಯು ಆನ್ ಸ್ಟೇಜ್. ಶಿ ಈಸ್ ಸೋ ಫನ್ನಿ!"

ಏಳು ವರ್ಷದ ನನ್ನ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಇಂಗ್ಲಿಷೇ. ಅದಕ್ಕಾಗಿ ನಾನು ಎಷ್ಟು ಗೋಗರೆದಿದ್ದೇನೋ, ಎಷ್ಟು ಗದರಿದ್ದೇನೋ. ಆ ದಿನ ಮಾತ್ರ ದೇವರಿಗೆ ಕೈಮುಗಿದೆ, ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ.

"ಮಗು ಎಂತ ಹೇಳಿದ್ದು?" ಎಂದರು ಅತ್ತೆ.

"ಅಜ್ಜಿ ಚೆಂದ ಇದ್ದಾರೆ ಅಂತ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಅಷ್ಟುದ್ದದ ಇಂಗ್ಲಿಷಿಗೆ ಇಷ್ಟೇ ಕನ್ನಡವಾ?"

ಅತ್ತೆ ಇರುವ ತನಕ ಅಭ್ಯಾಸವನ್ನು ಬ್ರದರ್ ಮನೆಗೆ ಸಾಗಿಸಿದೆವು. ಸಂಘದ ಮೀಟಿಂಗ್ ಎಂದು ಸುಳ್ಳು ಹೇಳಿ ಹೋಗುತ್ತಿದ್ದೆವು. ಆದರೆ ಕುಡುಕನ ಪಾತ್ರ ನನ್ನ ಗಂಡನದ್ದು. ಅವರು ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ, ಕೆಮ್ಮಿನ ಔಷಧಿ ಕುಡಿದರೂ ತಲೆ ತಿರುಗಿ ಮಲಗುವವರು. ಕುಡುಕನ ನಡಿಗೆಯನ್ನು ಅವರು ಕಲಿತದ್ದು ನಮ್ಮ ಮಗಳು ಮೊದಲ ಹೆಜ್ಜೆ ಇಡುತ್ತಿದ್ದಾಗ ಅವಳನ್ನು ನೋಡಿ. ಎರಡು ಹೆಜ್ಜೆ, ಒಂದು ಓಲಾಟ, ಗೋಡೆಯ ಮೇಲೆ ಅಂಗೈ, ಆಮೇಲೆ ತನ್ನಷ್ಟಕ್ಕೇ ಒಂದು ನಗು. ಅದಕ್ಕೇ ಅವರು ರಂಗಕ್ಕೆ ಬಂದರೆ ಜನರಿಗೆ ನಗುವಿನ ಜೊತೆ ಏನೋ ಮುದ್ದು ಬರುತ್ತದೆ.

ಸಂಜೆ ಡ್ಯೂಟಿ ಮುಗಿಸಿ ಬಂದವರು ಫ್ರಿಜ್ಜಿನಿಂದ ಬಚ್ಚಲಿನ ತನಕ ಆ ನಡಿಗೆಯನ್ನು ಅಭ್ಯಾಸ ಮಾಡುವುದನ್ನು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಬೆಳಿಗ್ಗೆ ಮಗನಿಗೆ ಚಹಾದ ಬದಲು ದೊಡ್ಡ ಲೋಟ ಲಿಂಬೆನೀರು. ಅದರ ಮರುದಿನ ಹುಳಿಮಜ್ಜಿಗೆ. ಮೂರನೇ ದಿನ ನೆತ್ತಿಯ ಮೇಲೆ ಅರ್ಧ ಲಿಂಬೆ ಇಟ್ಟು ಚೆನ್ನಾಗಿ ತಿಕ್ಕಿದರು. "ಪಿತ್ತ ಇಳಿಲಿ," ಎಂದಷ್ಟೇ ಹೇಳಿದರು. ಕೆಲಸದ ಜಾಗದಲ್ಲಿ ಎಲ್ಲರೂ, "ಭಾಯಿ, ಯಾವ ಶ್ಯಾಂಪೂ?" ಎಂದು ಕೇಳಿದರಂತೆ.

ಐದನೇ ದಿನ ಇವರಿಗೆ ಸಾಕಾಯಿತು. "ಅಮ್ಮಾ, ನಾನು ಕುಡಿದಿಲ್ಲ. ಅದು ನಾಟಕ!"

"ಕುಡಿದವರೆಲ್ಲ ಹಾಗೇ ಹೇಳುದು," ಎಂದರು ಅತ್ತೆ. ಇನ್ನೊಂದು ಲಿಂಬೆ ಕೊಯ್ದರು.

"ದೇವರಾಣೆ ನಾಟಕ! ಬರುವ ಶುಕ್ರವಾರ ಸಂಜೆ. ಬೇಕಾದ್ರೆ ಎದುರಿನ ಸಾಲಿನಲ್ಲಿ ಕೂತು ನೋಡಿ!"

ಆ ಮಾತು ಬಾಯಿಂದ ಬಿದ್ದ ಮೇಲೆ ಅವರು ನನ್ನ ಕಡೆ ನೋಡಿದರು. ಆ ಗಳಿಗೆಯಲ್ಲಿ ನನ್ನ ಮುಖಕ್ಕೆ ಯಾವ ಖಳನಾಯಕನ ಶಾಲೂ ಬೇಕಿರಲಿಲ್ಲ.

೫. ಹೆಲ್ಮೆಟ್ ತೊಟ್ಟ ಸಣ್ಣ ಧಣಿ

ಶುಕ್ರವಾರ ಮಧ್ಯಾಹ್ನವೇ ಧೂಳು ಎದ್ದಿತು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಟ್ಟಡಗಳೆಲ್ಲ ಕರಗಿ, ದಾರಿಯ ದೀಪಗಳು ಗಾಳಿಯಲ್ಲಿ ತೇಲುತ್ತಿದ್ದವು. ಆದರೂ ನಾಟಕಕ್ಕೆ ಗೊತ್ತುಮಾಡಿದ್ದ ಶಾಲೆಯ ಹಾಲ್ ತುಂಬಿತು. ಬಾಗಿಲಿನಿಂದ ಸೋರಿ ಬಂದ ಧೂಳು ರಂಗದ ಬೆಳಕಿನಲ್ಲಿ ಚಿನ್ನದ ಹುಡಿಯಂತೆ ನಿಧಾನಕ್ಕೆ ಇಳಿಯುತ್ತಿತ್ತು. ಪಕ್ಕದ ಪರದೆಯ ಹಿಂದೆ ನಿಂತು ನಾನು ಅದನ್ನೇ ನೋಡುತ್ತಿದ್ದೆ. ಹೀಗೇ ಅದರೊಳಗೆ ಕರಗಿ ಹೋದರೆ ಎಷ್ಟು ಚೆಂದ ಎನ್ನಿಸುತ್ತಿತ್ತು. ಮೊದಲ ಸಾಲಿನ ನಡುವೆ ಅತ್ತೆ, ಹಸಿರು ಸೀರೆ, ಮಡಿಲಲ್ಲಿ ನನ್ನ ಮಗಳು.

ನಾಯಕ ಬಂದಿರಲಿಲ್ಲ. ಅವನಿಗೆ ರಿಫೈನರಿಯಲ್ಲಿ ಶಿಫ್ಟ್. ಧೂಳಿನಲ್ಲಿ ಕಂಪನಿ ಬಸ್ಸು ತೆವಳಿಕೊಂಡು ಬರುತ್ತಿತ್ತು. ಮೊದಲ ದೃಶ್ಯವೇ ಅವನದ್ದು, ಮುಂಬೈಯ ಕಾಲೇಜು ಮುಗಿಸಿ ಸಣ್ಣ ಧಣಿ ಮನೆಗೆ ಬರುವುದು. ಮಾಸ್ಟ್ರು ಕೆಂಪು ಬೈರಾಸನ್ನು ಬ್ಯಾರಿ ಅಣ್ಣನ ಹೆಗಲಿಗೆ ಹಾಕಿ, "ಯಲ್ಲಾ, ಹೋಗಿ ಕುರ್ಚಿ ಒರೆಸ್ತಾ ಇರಿ," ಎಂದು ನೂಕಿದರು.

ಅವರು ಒರೆಸಿದರು. ಇಪ್ಪತ್ತು ನಿಮಿಷ ಒಂದೇ ಕುರ್ಚಿ. "ಇದು ದೊಡ್ಡ ಧಣಿಗಳ ಕುರ್ಚಿ. ಅವರು ಕೂತದ್ದಕ್ಕಿಂತ ನಾನು ಒರೆಸಿದ್ದೇ ಹೆಚ್ಚು." ಜನ ನಕ್ಕರು. "ಕುವೈತಿನಲ್ಲಿ ಎಲ್ಲ ಕೆಲಸಕ್ಕೂ ಖಲಾಸ್ ಉಂಟು, ಧೂಳು ಒರೆಸುದಕ್ಕೆ ಇಲ್ಲ." ಚಪ್ಪಾಳೆ. ಕುರ್ಚಿಯ ನಾಲ್ಕು ಕಾಲಿಗೂ ಒಂದೊಂದು ಹೆಸರಿಟ್ಟು ಮಾತಾಡಿಸಿದರು. ಕುಂಟುತ್ತಿದ್ದ ಕಾಲಿಗೆ, "ನೀನೂ ನನ್ನ ಹಾಗೆ, ಭಾರ ಹೊರುದು ನೀನು, ಹೊಗಳುದು ಬೆನ್ನನ್ನು," ಎಂದರು. ಆಗ ಹಾಲಿನಲ್ಲಿ ಒಂದು ಕ್ಷಣ ಯಾರೂ ನಗಲಿಲ್ಲ. ಅಲ್ಲಿದ್ದ ಹೆಚ್ಚಿನವರು ಯಾರದೋ ಕುರ್ಚಿಯ ಕಾಲುಗಳೇ.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನಾಯಕ ಓಡಿ ಬಂದ, ನಾವು ತಡೆದು ನಿಲ್ಲಿಸುವ ಮೊದಲೇ ರಂಗಕ್ಕೆ ನುಗ್ಗಿದ. ಎಣ್ಣೆ ಮೆತ್ತಿದ ಕೆಲಸದ ಬಟ್ಟೆ, ದೊಡ್ಡ ಬೂಟು, ತಲೆಯ ಮೇಲೆ ಹಳದಿ ಹೆಲ್ಮೆಟ್. ಜನಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನಿಗೂ.

ಬ್ಯಾರಿ ಅಣ್ಣ ಬೈರಾಸು ಕೊಡವಿ ಸೊಂಟ ಬಗ್ಗಿಸಿದರು. "ಬನ್ನಿ ಸಣ್ಣ ಧಣಿ! ಮುಂಬೈಯಲ್ಲಿ ತುಂಬಾ ಓದಿದ್ದೀರಿ ಅಂತ ಕೇಳಿದ್ದೆ. ತಲೆ ಒಡೆದು ವಿದ್ಯೆ ಹೊರಗೆ ಬರಬಾರದು ಅಂತಲಾ ಈ ಟೊಪ್ಪಿ?"

೬. ನಾಳೆ ಇಲ್ಲ

ಆಮೇಲೆ ನನ್ನ ಸರದಿ.

ಬೀಗದ ಕೈ ಸೊಂಟದಲ್ಲಿ, ಸೌಟು ಕೈಯಲ್ಲಿ. ಬೆಳಕಿಗೆ ಬಂದ ಕೂಡಲೇ ಜನ ಚಪ್ಪಾಳೆ ತಟ್ಟಿ ತಯಾರಾಗಿ ಕೂತರು. ಮೊದಲ ಸಾಲಿನಲ್ಲಿ ಹಸಿರು ಸೀರೆ. ನನ್ನ ಕಾಲಿಗೆ ಎಣ್ಣೆ ತಿಕ್ಕಿದ ಆ ಎರಡು ಕೈಗಳು ಮಗಳ ಹೊಟ್ಟೆಯ ಮೇಲೆ ಹೆಣೆದುಕೊಂಡಿದ್ದವು. ನನ್ನಿಂದ ಆಗಲಿಲ್ಲ. ಸೆರಗು ಸಿಕ್ಕಿಸಲಿಲ್ಲ. ಪಾತ್ರೆ ಮೂಸಲಿಲ್ಲ. ಸೌಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಊಟ ಆಯ್ತಾ ಮಗಳೇ?" ಎಂದೆ.

ಸೊಸೆ ಬಾಯಿ ತೆರೆದು ನಿಂತಳು. ಹಾಲಿನಲ್ಲಿ ಯಾರೋ ಕೆಮ್ಮಿದರು.

ಬ್ರದರ್ ಕಪ್ಪು ಶಾಲು ಬೀಸಿಕೊಂಡು ಬಂದು ಗುಡುಗಿದರು, "ಅಮ್ಮನವರೇ! ನಿಮ್ಮ ಸೊಸೆ ನಿಮ್ಮನ್ನು ಊರೆಲ್ಲ ಬೈದು ತಿರುಗ್ತಿದ್ದಾಳೆ!"

"ಸಣ್ಣವಳು. ಬೈದ್ರೆ ಬೈಲಿ," ಎಂದೆ.

ಬ್ರದರ್ ಶಾಲಿನ ಮರೆಯಲ್ಲಿ ಪಿಸುಗುಟ್ಟಿದರು, "ಅಕ್ಕಾ, ಹೀಗಾದ್ರೆ ನಾನು ಮನೆಗೆ ಹೋಗ್ಬೇಕಷ್ಟೆ."

ಸೊಸೆ ಇನ್ನೊಂದು ಕಿವಿಯಲ್ಲಿ, "ಅಕ್ಕಾ, ಬೈಯಿರಿ ಪ್ಲೀಸ್. ಅಳು ಬರ್ತಾ ಇಲ್ಲ."

ನಾಟಕ ಅಲ್ಲಿಗೇ ನಿಂತಿತು. ಅತ್ತೆ ಬೈಯದೆ ಸೊಸೆ ಅಳುವುದಿಲ್ಲ, ಸೊಸೆ ಅಳದೆ ನಾಯಕ ಬರುವುದಿಲ್ಲ, ನಾಯಕ ಬರದೆ ಖಳನಾಯಕನಿಗೆ ಪೆಟ್ಟಿಲ್ಲ. ಹೆಲ್ಮೆಟ್ ಬಿಚ್ಚಿಟ್ಟ ನಾಯಕ ಒಂದು ಬದಿಯಲ್ಲಿ, ಓಲಾಡಲು ತಯಾರಾದ ನನ್ನ ಗಂಡ ಇನ್ನೊಂದು ಬದಿಯಲ್ಲಿ ನನ್ನನ್ನೇ ನೋಡುತ್ತಾ ನಿಂತಿದ್ದರು. ನಾನು ಕನಸು ಕಂಡಿದ್ದ ಮೌನ ಅದೇ, ಇಡೀ ಹಾಲ್ ಉಸಿರು ಬಿಗಿಹಿಡಿದಿದೆ, ನಾನು ಮಾತಿಲ್ಲದೆ ಬೆಳಕಿನಲ್ಲಿ ನಿಂತಿದ್ದೇನೆ. ಅದು ಅಷ್ಟು ಕೆಟ್ಟದಾಗಿರುತ್ತದೆ ಎಂದು ಕನಸಿನಲ್ಲಿ ಗೊತ್ತಾಗಿರಲಿಲ್ಲ. ಹಿಂದಿನಿಂದ ಯಾರೋ ಕೂಗಿದರು, "ಸೌಟೆಲ್ಲಿ ಅಕ್ಕಾ?"

ಆಗ ಮೊದಲ ಸಾಲಿನಿಂದ ಒಂದು ಸಣ್ಣ ಧ್ವನಿ ಎದ್ದಿತು. ಸ್ಪಷ್ಟ ಕನ್ನಡ. ಏಳು ವರ್ಷದಲ್ಲಿ ನಾನು ಅವಳ ಬಾಯಿಂದ ಕೇಳಿದ ಮೊದಲ ಪೂರ್ತಿ ಕನ್ನಡ.

"ಅಜ್ಜೀ! ಅಮ್ಮ ಇವತ್ತು ನಿಮ್ಮ ಹಾಗೆ ಮಾಡ್ತಾ ಇಲ್ಲ!"

ಅತ್ತೆ ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಎದ್ದು ನಿಂತರು. ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದರು.

"ನಾನೂ ಅದನ್ನೇ ನೋಡ್ತಾ ಇದ್ದೇನೆ ಮಗಾ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಎಂತ ನಿಂತದ್ದು? ಆ ಸೌಟು ಮೇಜಿನ ಮೇಲೆ ಎಂತಕ್ಕೆ ಉಂಟು? ನಾಲ್ಕು ವರ್ಷದಿಂದ ಮೊಬೈಲಿನಲ್ಲಿ ನೋಡಿ ನೋಡಿ, ಒಂದು ಸಲ ಎದುರಿನಿಂದ ನೋಡುವ ಅಂತ ವಿಮಾನ ಹತ್ತಿ ಬಂದದ್ದು. ಇದನ್ನು ನೋಡ್ಲಿಕ್ಕಾ?"

ಅಷ್ಟು ಸಾಕಾಯಿತು. ಹಾಲ್ ಹೇಗೆ ಕೂಗಿತು ಎಂದರೆ ಧೂಳು ಇನ್ನೊಮ್ಮೆ ಎದ್ದಿರಬೇಕು. ನಾನು ಸೌಟು ಎತ್ತಿದೆ. ಟಕ್. ಟಕ್. ಟಕ್. ಆರುನೂರು ಜನ ಒಟ್ಟಿಗೆ ಹೇಳಿದರು, "ನನಗೆಂತ! ನಾನು ಇವತ್ತು ಉಂಟು, ನಾಳೆ ಇಲ್ಲ!" ಎಲ್ಲರಿಗಿಂತ ದೊಡ್ಡದು ಹಸಿರು ಸೀರೆಯ ಧ್ವನಿ. ನಾನು ಸೊಸೆಯನ್ನು ಬೈದ ಬೈಗುಳ ಆ ದಿನ ಹೇಗಿತ್ತೆಂದರೆ ಅವಳ ಅಳು ಮೂರನೇ ದೃಶ್ಯದ ತನಕ ನಿಲ್ಲಲಿಲ್ಲ. ಅದರಲ್ಲಿ ಸ್ವಲ್ಪ ನನ್ನ ಅಳುವೂ ಸೇರಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ವಿಷಯ ಹೊರಬಿತ್ತು. ಬ್ಯಾರಿ ಅಣ್ಣ ಪ್ರತಿ ವರ್ಷ ನಾಟಕದ ವಿಡಿಯೋವನ್ನು ಊರಿನಲ್ಲಿರುವ ತಮ್ಮ ತಾಯಿಗೆ ಕಳಿಸುತ್ತಾರೆ. ಆ ತಾಯಿಯ ಮನೆ ನಮ್ಮ ಅತ್ತೆಯ ಮನೆಯಿಂದ ಎರಡು ಬಾಗಿಲು ಆಚೆ. ಮನೆಯ ಗುಟ್ಟನ್ನು ಹೊರಗೆ ಸಾಗಿಸುವುದು ಕೆಲಸದಾಳಿನ ಪಾತ್ರ ಎಂದು ಗೊತ್ತಿದ್ದೂ ನಾನು ಎಚ್ಚರ ತಪ್ಪಿದ್ದೆ.

"ಹಾಗಾದ್ರೆ ಲಿಂಬೆಹುಳಿ?" ಎಂದು ಕೇಳಿದರು ನನ್ನ ಗಂಡ, ನೆತ್ತಿ ಸವರಿಕೊಳ್ಳುತ್ತಾ.

"ನೀವಿಬ್ಬರೇ ನಾಟಕ ಮಾಡುವವರಾ?" ಎಂದರು ಅತ್ತೆ. "ಎಂಟು ದಿನ ಕಾದೆ, ಯಾರಾದ್ರೂ ಬಾಯಿ ಬಿಡ್ತೀರಾ ಅಂತ. ಬಿಡ್ಲಿಲ್ಲ. ತಿಕ್ಕಿದೆ."

ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಹೊರಗೆ ರಿಫೈನರಿಯ ಬೆಂಕಿ ಧೂಳಿನೊಳಗೆ ದೂರದ ಆರತಿಯಂತೆ ಆಡುತ್ತಿತ್ತು. "ಬೇಸರ ಆಗ್ಲಿಲ್ವಾ ಅತ್ತೆ?"

ಅತ್ತೆ ಸೀಟಿನಲ್ಲಿ ನನ್ನ ಹತ್ತಿರ ಸರಿದರು. "ಆ ಮೂರು ಪೆಟ್ಟು ನಂದಲ್ಲ ಮಾರಾಯ್ತಿ. ನನ್ನ ಅತ್ತೆಯದ್ದು. ಅವರು ಅಂಗಳಕ್ಕೆ ಹೋದ ಕೂಡ್ಲೇ ನಾನು ಹಾಗೆ ಮಾಡಿ ನಾದಿನಿಯನ್ನು ನಗಿಸ್ತಿದ್ದೆ. ಅತ್ತೆ ತೀರಿಕೊಂಡು, ನಾದಿನಿ ಮದುವೆಯಾಗಿ ಹೋದ ಮೇಲೆ ನಗಿಸ್ಲಿಕ್ಕೆ ಯಾರೂ ಇರ್ಲಿಲ್ಲ, ಕೈ ಮಾತ್ರ ತನ್ನಷ್ಟಕ್ಕೇ ಬಡೀತಿತ್ತು." ಆಮೇಲೆ ನನ್ನ ಮೊಣಕಾಲಿಗೆ ಒಂದು ತಟ್ಟಿ, "ಸೆರಗು ಮಾತ್ರ ನೀನು ಎಡಕ್ಕೆ ಸಿಕ್ಕಿಸುವುದು. ಅದು ಬಲಕ್ಕೆ. ಬರುವ ವರ್ಷ ಸರಿ ಮಾಡು," ಎಂದರು.

ಮೂರು ತಿಂಗಳು ಮುಗಿದು ಅತ್ತೆ ಊರಿಗೆ ಹೋದರು. ಮರುದಿನ ಶನಿವಾರ; ಇಲ್ಲಿ ಶುಕ್ರ, ಶನಿ ರಜೆ, ಭಾನುವಾರ ಶಾಲೆ. ಅಡುಗೆಮನೆ ಖಾಲಿಖಾಲಿ, ಕಿಟಕಿಯಲ್ಲಿ ಅದೇ ಬಿಳಿ ಬಿಸಿಲು. ನಾನು ಒಲೆಯ ಮುಂದೆ ಅರೆಗಣ್ಣಿನಲ್ಲಿ ನಿಂತಿದ್ದೆ. ಹಿಂದಿನಿಂದ ಕೇಳಿಸಿತು.

ಟಕ್. ಟಕ್. ಟಕ್.

ತಿರುಗಿ ನೋಡಿದರೆ ಮಗಳು. ಬಚ್ಚಲಿನ ಟವೆಲನ್ನು ಸೀರೆಯಂತೆ ಸುತ್ತಿ, ಸೆರಗನ್ನು ಸರಿಯಾಗಿ ಬಲಕ್ಕೆ ಸಿಕ್ಕಿಸಿ, ನನ್ನ ಸಾರಿನ ಪಾತ್ರೆಯನ್ನು ಮುಚ್ಚಳ ತೆಗೆಯದೆಯೇ ಮೂಸಿದಳು. ದೀರ್ಘವಾಗಿ ಉಸಿರುಬಿಟ್ಟಳು.

"ನನಗೆಂತ!" ಎಂದಳು ಅಚ್ಚ ಕನ್ನಡದಲ್ಲಿ. "ನಾನು ಇವತ್ತು ಉಂಟು, ನಾಳೆ ಇಲ್ಲ. ನಾಳೆ ಸ್ಕೂಲ್ ಉಂಟು."